ತೆಂಗಿನ ಹೆಸರಿಗೆ ಚಿತ್ರವೇ ಆಧಾರ: ಕುಂಚದ ನಕಲುಗಳ ಹಿಂದಿನ ಕಥೆ

ನೆಟ್ಟಗೆ ನಿಂತ ಕಾಂಡ, ನೆತ್ತಿಯ ಮೇಲೆ ಗರಿಗಳ ಛತ್ರಿ, ಮಗ್ಗುಲಲ್ಲಿ ಸೀಳಿ ತೋರಿಸಿದ ಕಾಯಿ, ಹಾಳೆಯ ಅಡಿಯಲ್ಲಿ ಓರೆಯಕ್ಷರದ ಲ್ಯಾಟಿನ್ ಹೆಸರು. ಹಳೆಯ ಸಸ್ಯಶಾಸ್ತ್ರ ಗ್ರಂಥಗಳಿಂದ ಎತ್ತಿಕೊಂಡ ಇಂಥ ಚಿತ್ರಗಳು ಈಗ ಹೋಟೆಲುಗಳ ಮೊಗಸಾಲೆಯಿಂದ ಹಿಡಿದು ಮನೆಗಳ ಪಡಸಾಲೆಯವರೆಗೆ ಗೋಡೆಯೇರಿ ಕುಳಿತಿವೆ. ಅವುಗಳಲ್ಲಿ ಹೆಚ್ಚಿನವು ಯಂತ್ರದ ಮುದ್ರಣ. ಕೆಲವು ಮಾತ್ರ ಕಲಾವಿದರು ಮೂಲವನ್ನು ಎದುರಿಗಿಟ್ಟುಕೊಂಡು ಜಲವರ್ಣದಲ್ಲಿ ಕೈಯಾರೆ ಬರೆದ ಪ್ರತಿಗಳು.

ನಕಲು ಎಂದ ಕೂಡಲೇ ಮೂಗು ಮುರಿಯುವುದು ವಾಡಿಕೆ. ಮೂಲಕ್ಕೆ ಬೆಲೆ, ಪ್ರತಿಗೆ ತಾತ್ಸಾರ ಎಂಬುದು ಕಲಾ ಮಾರುಕಟ್ಟೆಯ ಅಲಿಖಿತ ನಿಯಮ. ಆದರೆ ತೆಂಗು, ಅಡಿಕೆ, ತಾಳೆ, ಶ್ರೀತಾಳೆ, ಈಚಲು, ಬೈನೆ, ಬೆತ್ತ ಮುಂತಾದವು ಸೇರಿದ ತಾಳೆ ವರ್ಗದ ಮಟ್ಟಿಗೆ ಈ ನಿಯಮ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಈ ಮರಗಳ ವಿಷಯದಲ್ಲಿ ಚಿತ್ರವು ಶಾಸ್ತ್ರಕ್ಕೆ ಹಚ್ಚಿದ ಅಲಂಕಾರವಾಗಿರಲಿಲ್ಲ; ಸಾಕ್ಷ್ಯವೇ ಆಗಿತ್ತು. ಆ ಸಾಕ್ಷ್ಯವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ದಾಟಿಸಿದ್ದು ನಕಲು ಮಾಡುವವರ ಕೈ.

ಒಣಹಾಳೆಗೆ ಒಗ್ಗದ ಮರ

ಸಸ್ಯಶಾಸ್ತ್ರಜ್ಞರು ಗಿಡವನ್ನು ಗುರುತಿಟ್ಟುಕೊಳ್ಳುವ ಕ್ರಮ ಸರಳವಾದದ್ದು. ಹೂವು, ಎಲೆ, ಕಾಯಿ ಇರುವ ಒಂದು ರೆಂಬೆಯನ್ನು ಕತ್ತರಿಸಿ, ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ ಇಡುತ್ತಾರೆ. ತುಳಸಿಗೋ ದಾಸವಾಳಕ್ಕೋ ಇದು ಸಾಕು. ತೆಂಗಿನ ಗರಿಯನ್ನು ಹಾಳೆಗೆ ಅಂಟಿಸುವುದು ಹೇಗೆ? ಶ್ರೀತಾಳೆಯ ಒಂದೊಂದು ಎಲೆಯೂ ಹಲವು ಮಂದಿಗೆ ನೆರಳು ಕೊಡುವಷ್ಟು ಅಗಲ. ಆ ಮರ ಮೂವತ್ತರಿಂದ ಎಂಬತ್ತು ವರ್ಷ ಬೆಳೆದು, ಬದುಕಿನಲ್ಲಿ ಒಂದೇ ಸಲ ಆರು ಮೀಟರಿಗೂ ಎತ್ತರದ ಹೂಗೊಂಚಲು ಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುತ್ತದೆ. ಹಡಗಿನಲ್ಲಿ ಬಂದು ಮಳೆಗಾಲಕ್ಕೆ ಮುಂಚೆ ಹೊರಟುಬಿಡುವ ಯಾತ್ರಿಕನಿಗೆ ಅದರ ಹೂವು ಕಣ್ಣಿಗೆ ಬೀಳುವುದೇ ಅದೃಷ್ಟ. ಕಂಡರೂ ಅದನ್ನು ಹೊತ್ತು ಒಯ್ಯುವಂತಿಲ್ಲ. ಆದ್ದರಿಂದ ಚಿತ್ರ ಬರೆಸುವುದೊಂದೇ ದಾರಿಯಾಗಿತ್ತು.

ಈ ದಾರಿಯಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡೆ. ಅವರು ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಹೊರಬಂತು. ಮೊದಲ ಸಂಪುಟದ ಮೊದಲ ಚಿತ್ರವೇ ತೆಂಗು. ಅದರ ಬೆನ್ನಿಗೆ ಅಡಿಕೆ, ತಾಳೆಯ ಗಂಡು ಮರ ಮತ್ತು ಹೆಣ್ಣು ಮರ, ಬೈನೆ. ಮೂರನೆಯ ಸಂಪುಟ ತೆರೆದುಕೊಳ್ಳುವುದು ಶ್ರೀತಾಳೆಯಿಂದ. ಈ ಒಂದು ಮರಕ್ಕೇ ಹನ್ನೆರಡು ಚಿತ್ರಫಲಕಗಳನ್ನು ಮೀಸಲಿಡಲಾಗಿದೆ. ಇಡೀ ಮರ, ಎಲೆ, ಹೂಗೊಂಚಲು, ಕಾಯಿ ಎಲ್ಲವೂ ಬೇರೆಬೇರೆಯಾಗಿ. ಒಂದು ಹಾಳೆಯಲ್ಲಿ ಹಿಡಿಯದ ಮರವನ್ನು ತುಂಡುತುಂಡಾಗಿ ಹಿಡಿಯುವ ಉಪಾಯವಿದು.

ಫಲಕಗಳ ಮೇಲೆ ಗಿಡದ ಹೆಸರು ರೋಮನ್ ಅಕ್ಷರದಲ್ಲಷ್ಟೇ ಅಲ್ಲದೆ ಮಲಯಾಳಂ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲೂ ಇದೆ. ನಾಗರಿಯಲ್ಲಿರುವುದು ಕೊಂಕಣಿ. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ನಮ್ಮ ಕರಾವಳಿಯ ಕೊಂಕಣಿ ಓದುಗರಿಗೆ ಇದು ಹೆಮ್ಮೆಯ ಸಂಗತಿಯಾದೀತು. ಲ್ಯಾಟಿನ್ ಭಾಷೆಯಲ್ಲಿ ಹೂತುಹೋಗಿದ್ದ ಈ ಬೃಹತ್ ಗ್ರಂಥವನ್ನು ಇಂಗ್ಲಿಷಿಗೂ ಮಲಯಾಳಂಗೂ ತಂದ ಕೇರಳದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ಅವರಿಗೆ 2020ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅವರು 2025ರ ಜನವರಿಯಲ್ಲಿ ನಿಧನರಾದರು.

ಹೆಸರು ನಿಂತಿರುವುದು ಹಾಳೆಯ ಮೇಲೆ

ಮುಖ್ಯ ವಿಷಯ ಇರುವುದು ಇದರ ನಂತರದಲ್ಲಿ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಲೋಕದ ಗಿಡಮರಗಳಿಗೆ ಎರಡು ಪದಗಳ ಹೆಸರು ಕೊಟ್ಟಾಗ ತೆಂಗಿಗೆ ‘ಕೋಕಸ್ ನ್ಯೂಸಿಫೆರಾ’, ಅಡಿಕೆಗೆ ‘ಅರೆಕಾ ಕ್ಯಾಟೆಚು’ ಎಂದರು. ಲಿನೇಯಸ್ ಭಾರತಕ್ಕೆ ಕಾಲಿಟ್ಟವರಲ್ಲ. ಈ ಮರಗಳಿಗೆ ಅವರು ನೆಚ್ಚಿಕೊಂಡದ್ದು ಮುಖ್ಯವಾಗಿ ವಾನ್ ರೀಡೆಯವರ ಪುಸ್ತಕದ ಚಿತ್ರಗಳನ್ನು.

ಪ್ರತಿಯೊಂದು ವೈಜ್ಞಾನಿಕ ಹೆಸರಿಗೂ ಒಂದು ಆಧಾರ ಮಾದರಿ ಇರಬೇಕೆಂಬುದು ಸಸ್ಯನಾಮಕರಣದ ನಿಯಮ. ಸಂದೇಹ ಬಂದಾಗ ‘ಈ ಹೆಸರು ಯಾವುದಕ್ಕೆ ಸಲ್ಲುತ್ತದೆ’ ಎಂದು ನೋಡಲು ಹಿಂತಿರುಗುವುದು ಆ ಮಾದರಿಗೆ. ಅಂಗಡಿಯ ತಕ್ಕಡಿಗೆ ಮುದ್ರೆಯೊತ್ತಿದ ತೂಕದ ಕಲ್ಲು ಇದ್ದಂತೆ. ಹೆರಾಲ್ಡ್ ಮೂರ್ ಮತ್ತು ಜಾನ್ ಡ್ರಾನ್ಸ್‌ಫೀಲ್ಡ್ ಎಂಬ ಇಬ್ಬರು ತಜ್ಞರು 1979ರಲ್ಲಿ ಲಿನೇಯಸ್ ಹೆಸರಿಟ್ಟ ತಾಳೆ ಜಾತಿಗಳ ಆಧಾರಗಳನ್ನು ಖಚಿತಪಡಿಸಿದಾಗ, ತೆಂಗು, ಅಡಿಕೆ, ಶ್ರೀತಾಳೆಗಳಿಗೆ ಒಣಗಿಸಿದ ಸಸ್ಯದ ಬದಲು ಮಲಬಾರಿನ ಆ ಚಿತ್ರಗಳನ್ನೇ ಆರಿಸಬೇಕಾಯಿತು. ಅಂದರೆ ತಿಪಟೂರಿನ ತೋಟದ ತೆಂಗಿರಲಿ, ಫಿಲಿಪ್ಪೀನ್ಸಿನ ಕಡಲಂಚಿನ ತೆಂಗಿರಲಿ, ಅದರ ಶಾಸ್ತ್ರೀಯ ಹೆಸರು ನಿಂತಿರುವುದು 1678ರಲ್ಲಿ ಅಚ್ಚಾದ ನಾಲ್ಕು ಹಾಳೆಗಳ ಮೇಲೆ! ಹೊಸ ಸಸ್ಯಗಳಿಗೆ ಈಗ ಈ ಸೌಲಭ್ಯವಿಲ್ಲ. 2007ರಿಂದ ಬರಿಯ ಚಿತ್ರವನ್ನು ಆಧಾರವಾಗಿ ಒಪ್ಪುವುದು ಸೂಕ್ಷ್ಮ ಪಾಚಿ, ಶಿಲೀಂಧ್ರಗಳಂಥ ಕೆಲವೇ ಸಂದರ್ಭಗಳಿಗೆ ಸೀಮಿತ. ಹಳೆಯ ಹೆಸರುಗಳಿಗೆ ಮಾತ್ರ ಹಳೆಯ ಚಿತ್ರಗಳೇ ಗತಿ.

ಇಷ್ಟಾದ ಮೇಲೆ ಚಿತ್ರವನ್ನು ನಕಲು ಮಾಡುವವರ ಹೊಣೆ ಎಂಥದ್ದೆಂದು ಊಹಿಸಬಹುದು. ಓಲೆಗರಿಯ ಕಾವ್ಯಗಳನ್ನು ಪ್ರತಿ ಮಾಡಿದ ಲಿಪಿಕಾರರು ನಮಗೆ ಅಪರಿಚಿತರಲ್ಲ. ಒಂದು ಅಕ್ಷರ ತಪ್ಪಿದರೆ ಪಾಠಾಂತರ ಹುಟ್ಟುತ್ತದೆ. ಮುಂದಿನವರು ಆ ತಪ್ಪನ್ನೇ ಸರಿಯೆಂದು ಬರೆದುಕೊಂಡು ಹೋಗುತ್ತಾರೆ. ಯಾವ ಶ್ರೀತಾಳೆಯ ಎಲೆಯ ಮೇಲೆ ಈ ಲಿಪಿಕಾರರು ಬರೆದರೋ ಅದೇ ಶ್ರೀತಾಳೆಯ ಚಿತ್ರಕ್ಕೂ ಅದೇ ಗಂಡಾಂತರ ಕಾದಿತ್ತು.

ಕಲ್ಕತ್ತೆಯ ಜೋಡಿ ಪ್ರತಿಗಳು

ಕೈಯಿಂದ ನಕಲು ಮಾಡುವುದು ಅಧಿಕೃತ ಪದ್ಧತಿಯೇ ಆಗಿದ್ದುದಕ್ಕೆ ದೊಡ್ಡ ಉದಾಹರಣೆ ವಿಲಿಯಂ ರಾಕ್ಸ್‌ಬರ್ಗ್ ಅವರ ಸಂಗ್ರಹ. ಸ್ಕಾಟ್ಲೆಂಡಿನ ಈ ವೈದ್ಯರು 1781ರಿಂದ ಆಂಧ್ರದ ಸಾಮಲಕೋಟದಲ್ಲಿದ್ದರು. 1793ರಿಂದ 1813ರವರೆಗೆ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದರು. ಭಾರತೀಯ ಚಿತ್ರಕಾರರನ್ನು ಸಂಬಳಕ್ಕಿಟ್ಟುಕೊಂಡು ಅವರು ಬರೆಸಿದ ವರ್ಣಚಿತ್ರಗಳ ಸಂಖ್ಯೆ 2500ಕ್ಕೂ ಹೆಚ್ಚು. ಇವುಗಳ ಒಂದು ಜೊತೆ ಕಲ್ಕತ್ತೆಯಲ್ಲಿ ಉಳಿಯಿತು. ಇನ್ನೊಂದು ಜೊತೆಯನ್ನು ಕುಂಚದಿಂದಲೇ ನಕಲು ಮಾಡಿ ಲಂಡನ್ನಿಗೆ ಕಳುಹಿಸಲಾಯಿತು. ಆ ಜೊತೆ ಈಗ ಅಲ್ಲಿನ ಕ್ಯೂ ಉದ್ಯಾನದಲ್ಲಿದೆ.

ಎರಡು ಜೊತೆಯ ಚಿತ್ರಗಳಿಗೂ ಒಂದೇ ಕ್ರಮಸಂಖ್ಯೆ. ಕಲ್ಕತ್ತೆಯಲ್ಲಿರುವವರು ಸಂಖ್ಯೆ ಬರೆದರೆ ಲಂಡನ್ನಿನಲ್ಲಿರುವವರು ಅದೇ ಮರವನ್ನು ತೆರೆದು ನೋಡಬಹುದಿತ್ತು. ಛಾಯಾಚಿತ್ರವಿಲ್ಲದ ಕಾಲದಲ್ಲಿ ಎರಡು ಖಂಡಗಳ ನಡುವಿನ ಮಾತುಕತೆಗೆ ಇದಕ್ಕಿಂತ ನಂಬಿಕಸ್ಥ ಸಾಧನ ಇರಲಿಲ್ಲ. ಇವುಗಳಿಗೂ ಮೊದಲು ಸಾಮಲಕೋಟದಿಂದ ಹೋದ ಚಿತ್ರಗಳಲ್ಲಿ ಆಯ್ದ ಮುನ್ನೂರು ‘ಕೋರಮಂಡಲ ತೀರದ ಸಸ್ಯಗಳು’ ಎಂಬ ಹೆಸರಿನಲ್ಲಿ 1795ರಿಂದ 1820ರವರೆಗೆ ಲಂಡನ್ನಿನಲ್ಲಿ ಪ್ರಕಟವಾದವು. ತಾಳೆ, ಈಚಲಿನ ಜಾತಿಗಳು ಅದರ ಮೊದಲ ಸಂಪುಟದಲ್ಲೇ ಇವೆ. ತಾಮ್ರದ ಫಲಕದಿಂದ ರೇಖೆ ಅಚ್ಚಾಗುತ್ತಿತ್ತು. ಬಣ್ಣವನ್ನು ಪ್ರತಿ ಹಾಳೆಗೂ ಕೈಯಿಂದಲೇ ತುಂಬಲಾಗುತ್ತಿತ್ತು.

ಮುಂದೆ ಮದ್ರಾಸಿನ ರಾಬರ್ಟ್ ವೈಟ್ 1838ರಿಂದ 1853ರವರೆಗೆ ಹೊರತಂದ ಎರಡು ಸಾವಿರಕ್ಕೂ ಮಿಕ್ಕ ಶಿಲಾಮುದ್ರಿತ ಚಿತ್ರಗಳಲ್ಲಿ ರಾಕ್ಸ್‌ಬರ್ಗ್ ಸಂಗ್ರಹದಿಂದ ನಕಲು ಮಾಡಿದವೂ ಸೇರಿದ್ದವು. ನಕಲಿನ ನಕಲು ಎನ್ನಬಹುದು. ಆದರೂ ಅವುಗಳನ್ನು ಯಾರೂ ಖೋಟಾ ಎನ್ನಲಿಲ್ಲ. ಮೂಲ ಎಲ್ಲಿಯದೆಂದು ಬರೆದು ತಿಳಿಸುವ ಪ್ರಾಮಾಣಿಕತೆ ಅಲ್ಲಿತ್ತು.

ಈ ಕೆಲಸಕ್ಕೆ ಬೇಕಾದ ತಾಂತ್ರಿಕ ಪರಿಣತಿಯನ್ನು ನಮ್ಮ ಚಿತ್ರಕಾರರಿಗೆ ಹೊರಗಿನವರು ಬಂದು ಕಲಿಸಬೇಕಿರಲಿಲ್ಲ. ಮೊಗಲರ ಚಿತ್ರಶಾಲೆಗಳಲ್ಲಿ ಹದ ಮಾಡಿದ ಪಾರದರ್ಶಕ ಜಿಂಕೆಚರ್ಮವನ್ನು ಮೂಲದ ಮೇಲಿಟ್ಟು ರೇಖೆ ಎತ್ತಿಕೊಳ್ಳುವುದು, ರೇಖೆಗುಂಟ ಸೂಜಿಯಿಂದ ಚುಚ್ಚಿ ಇದ್ದಿಲ ಪುಡಿ ತಟ್ಟಿ ಹೊಸ ಹಾಳೆಗೆ ಇಳಿಸುವುದು ನಿತ್ಯದ ಅಭ್ಯಾಸ. ಕಂಪನಿಯವರು ಕೊಟ್ಟದ್ದು ಯುರೋಪಿನ ಕಾಗದವನ್ನು, ಹೂವಿನ ಒಳಭಾಗವನ್ನು ಸೀಳಿ ಬರೆಯಬೇಕೆಂಬ ಸೂಚನೆಯನ್ನು.

ಮಡಿಕೆ ಮೇಲಕ್ಕೋ, ಕೆಳಕ್ಕೋ?

ನಕಲಿನಲ್ಲಿ ಎಲ್ಲಿ ತಪ್ಪುತ್ತದೆ? ತೆಂಗಿನ ಒಂದು ಗರಿಯಲ್ಲಿ ಇನ್ನೂರಕ್ಕೂ ಹೆಚ್ಚು ಎಲೆಸೀಳುಗಳಿರುತ್ತವೆ. ಬೇಸರ ಬಂದು ಹತ್ತು ಸೀಳು ಬಿಟ್ಟರೆ ಪ್ರಳಯವೇನೂ ಆಗದು. ಅಪಾಯ ಇರುವುದು ನೋಟಕ್ಕೆ ಕ್ಷುಲ್ಲಕವೆನಿಸುವ ಇನ್ನೊಂದು ಕಡೆ.

ಓದುಗರು ತಾವೇ ಪರೀಕ್ಷಿಸಬಹುದು. ಈಚಲಿನ ಗರಿಯ ಒಂದು ಸೀಳನ್ನು ಬುಡದಲ್ಲಿ ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ದೋಣಿಯಂತೆ ಮೇಲ್ಮುಖವಾಗಿ ಮಡಿಚಿರುತ್ತದೆ. ತೆಂಗಿನದು ಅಥವಾ ಅಡಿಕೆಯದು ಮನೆಯ ಸೂರಿನಂತೆ ಕೆಳಮುಖ. ತಾಳೆ ವರ್ಗವನ್ನು ವಿಂಗಡಿಸುವಾಗ ತಜ್ಞರು ಮೊದಲು ನೋಡುವ ಲಕ್ಷಣಗಳಲ್ಲಿ ಇದೂ ಒಂದು. ಚಿತ್ರದಲ್ಲಿ ಈ ವ್ಯತ್ಯಾಸವನ್ನು ತೋರಿಸುವುದು ಬರಿಯ ನೆರಳು: ನಡುನರದ ಯಾವ ಬದಿಗೆ ಕಡುಹಸಿರು, ಯಾವ ಬದಿಗೆ ತಿಳಿಹಸಿರು ಎಂಬಷ್ಟೇ. ಮರವನ್ನು ಕಾಣದ ನಕಲುಗಾರ ಚಂದಕ್ಕೆಂದು ಬೆಳಕನ್ನು ಆ ಬದಿಯಿಂದ ಈ ಬದಿಗೆ ಬದಲಿಸಿದರೆ ಸೂರು ದೋಣಿಯಾಗುತ್ತದೆ. ಗೋಡೆಯ ಮೇಲೆ ಚಿತ್ರ ಸುಂದರವಾಗಿಯೇ ಕಾಣುತ್ತದೆ, ಮರ ಮಾತ್ರ ಬೇರೆ ಕುಲದ್ದಾಗಿರುತ್ತದೆ.

ಇನ್ನೊಂದು ತಪ್ಪು ಕುಂಚದ್ದಲ್ಲ, ಯಂತ್ರದ್ದು. ತಾಮ್ರದ ಫಲಕದಿಂದಲೋ ಶಿಲೆಯಿಂದಲೋ ಅಚ್ಚು ತೆಗೆದಾಗ ಚಿತ್ರ ಕನ್ನಡಿಯ ಬಿಂಬದಂತೆ ಎಡಬಲ ಮಗುಚಿಕೊಳ್ಳುತ್ತದೆ. ಕೊರೆಯುವವರು ಮೊದಲೇ ತಿರುಗಿಸಿ ಕೊರೆಯದಿದ್ದರೆ ಮಗುಚಿದ್ದು ಮಗುಚಿದಂತೆಯೇ ಉಳಿಯುತ್ತದೆ. ತೆಂಗಿನಲ್ಲಿ ಗರಿಗಳು ಸುರುಳಿಯಾಗಿ ಹುಟ್ಟುವುದರಿಂದ ಎಡಸುತ್ತಿನ ಮರ, ಬಲಸುತ್ತಿನ ಮರ ಎಂದು ಎರಡು ಬಗೆ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಟಿ.ಎ. ಡೇವಿಸ್ 1960ರ ದಶಕದಲ್ಲಿ ಇವುಗಳನ್ನು ಅಧ್ಯಯನ ಮಾಡಿ, ಈ ಸುತ್ತು ತಾಯಿಮರದಿಂದ ಸಸಿಗೆ ಬರುವಂಥದ್ದಲ್ಲ ಎಂದು ತೋರಿಸಿದರು. ಆದ್ದರಿಂದ ಅಚ್ಚಿನಲ್ಲಿ ಸುತ್ತು ಮಗುಚಿದರೂ ಮರದ ಜಾತಿ ಕೆಡುವುದಿಲ್ಲ. ಆದರೆ ಹಳೆಯ ಅಚ್ಚನ್ನು ನೋಡಿ ‘ಆ ಕಾಲದ ತೆಂಗು ಈ ಸುತ್ತಿನದು’ ಎಂದು ಹೇಳಹೊರಡುವುದು ವ್ಯರ್ಥ.

ನೀಲಿಗಟ್ಟಿದ ಗರಿಗಳು

ಬಣ್ಣದ ಕಥೆ ಇನ್ನೂ ಸ್ವಾರಸ್ಯಕರ. ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರು ಎಲೆಯ ಹಸಿರಿಗೆ ಸಾಮಾನ್ಯವಾಗಿ ಎರಡು ಬಣ್ಣ ಬೆರೆಸುತ್ತಿದ್ದರು: ಪ್ರಷ್ಯನ್ ನೀಲಿ ಮತ್ತು ಗ್ಯಾಂಬೋಜ್ ಹಳದಿ. ಗ್ಯಾಂಬೋಜ್ ಎಂಬುದು ಮುರುಗಲಿನ ಕುಲಕ್ಕೆ ಸೇರಿದ ಕೆಲವು ಮರಗಳ ತೊಗಟೆಯಿಂದ ಒಸರುವ ಅಂಟು. ನಮ್ಮ ಪಶ್ಚಿಮ ಘಟ್ಟದ ಅರಸಿನ ಗುರ್ಗಿ ಮರದಿಂದಲೂ ಇಂಥ ಅಂಟು ಸಿಗುತ್ತದೆ. ಇದು ತೀವ್ರ ಭೇದಿಯ ಮದ್ದೂ ಹೌದು. ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಳ್ಳುವ ಚಾಳಿ ಇದ್ದವರು ಪಡಬಾರದ ಪಾಡು ಪಟ್ಟಿರಬೇಕು.

ಈ ಹಳದಿ ಬೆಳಕಿಗೆ ನಿಲ್ಲುವುದಿಲ್ಲ. ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ವರ್ಷಗಳು ಕಳೆದಂತೆ ಹಳದಿ ಹಾರಿ ನೀಲಿ ಉಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ತಾಳೆಯ ಗರಿಗಳು ಕೆಲವೊಮ್ಮೆ ಬೂದುನೀಲಿಯಾಗಿ ಕಾಣುವುದಕ್ಕೆ ಇದೇ ಕಾರಣ. ಬಿಳಿಗೆ ಬಳಸಿದ ಸೀಸದ ಬಣ್ಣ ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ಕಾಗದ ತಾನೇ ಕಂದುತ್ತದೆ.

ಈಗ ಇಂಥ ಹಾಳೆಯನ್ನು ಪ್ರತಿ ಮಾಡುವ ಕಲಾವಿದರ ಮುಂದೆ ಇಕ್ಕಟ್ಟು ಎದುರಾಗುತ್ತದೆ. ಕಣ್ಣಿಗೆ ಕಾಣುವ ನೀಲಿಯನ್ನೇ ಬರೆಯಬೇಕೆ, ಅಥವಾ ಮೂಲ ಚಿತ್ರಕಾರ ಬರೆದಿರಬಹುದಾದ ಹಸಿರನ್ನೇ? ಮೊದಲನೆಯದು ಹಾಳೆಗೆ ನಿಷ್ಠೆ, ಎರಡನೆಯದು ಮರಕ್ಕೆ ನಿಷ್ಠೆ. ಈ ವರದಿಗಾರನ ಅಭಿಪ್ರಾಯದಲ್ಲಿ ಎರಡನೆಯದೇ ಮೇಲು. ಬಣ್ಣ ಮಾಸಿದ್ದನ್ನೇ ನಕಲು ಮಾಡುವುದು ಮರದ ಚಿತ್ರವಲ್ಲ, ಕಾಲದ ಹೊಡೆತದ ಚಿತ್ರ. ಆದರೆ ಅದಕ್ಕೆ ಊಹೆಯಷ್ಟೇ ಸಾಲದು. ಮುಚ್ಚಿದ ಸಂಪುಟಗಳಲ್ಲಿ ಬೆಳಕು ಕಾಣದೆ ಉಳಿದ ಪ್ರತಿಗಳಲ್ಲಿ ಬಣ್ಣ ಹೆಚ್ಚು ಚೆನ್ನಾಗಿ ಉಳಿದಿರುತ್ತದೆ. ಅವುಗಳನ್ನು ನೋಡಬೇಕು, ಸಾಧ್ಯವಾದರೆ ಮರವನ್ನೂ ನೋಡಬೇಕು. ಮೈಸೂರು, ಮಂಗಳೂರಿನ ಕಲಾವಿದರಿಗೆ ಎರಡನೆಯದು ಕಷ್ಟವೇನಲ್ಲ.

ಯುರೋಪಿನ ಬಣ್ಣದ ಕಾರ್ಖಾನೆಗಳು ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದವು. ಗ್ರಂಥಕರ್ತರು ಒಪ್ಪಿದ ಒಂದು ಮಾದರಿ ಹಾಳೆಯನ್ನು ಎದುರಿಗಿಟ್ಟು, ಸಾಲಾಗಿ ಕುಳಿತವರು ಅಚ್ಚಾದ ಹಾಳೆಗಳಿಗೆ ಬಣ್ಣ ತುಂಬುತ್ತಿದ್ದರು. ಹೆಂಗಸರು, ಮಕ್ಕಳು ಈ ಕೆಲಸದಲ್ಲಿ ಬಹಳ ಮಂದಿ ಇದ್ದರು. 1787ರಲ್ಲಿ ಶುರುವಾದ ಇಂಗ್ಲೆಂಡಿನ ‘ಬೊಟಾನಿಕಲ್ ಮ್ಯಾಗಝೀನ್’ ಪತ್ರಿಕೆಯ ಚಿತ್ರಗಳಿಗೆ 1948ರವರೆಗೂ ಕೈಯಿಂದಲೇ ಬಣ್ಣ ತುಂಬಲಾಗುತ್ತಿತ್ತು ಎಂದರೆ ಆಶ್ಚರ್ಯವಾದೀತು.

ಕೊಳ್ಳುವ ಮುನ್ನ

ಇಂದು ನಕಲುಗಾರರು ಹೆಚ್ಚಾಗಿ ಆಶ್ರಯಿಸುವುದು ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಫಾನ್ ಮಾರ್ಟಿಯಸ್ ಅವರ ತಾಳೆ ವರ್ಗದ ಮಹಾಗ್ರಂಥವನ್ನು. 1817ರಿಂದ 1820ರವರೆಗೆ ಬ್ರೆಜಿಲ್ಲಿನಲ್ಲಿ ಅಲೆದ ಮಾರ್ಟಿಯಸ್ 1823ರಿಂದ ಮೂರು ದಶಕಗಳ ಉದ್ದಕ್ಕೂ ಮೂರು ಸಂಪುಟಗಳನ್ನು ಬಿಡಿಬಿಡಿಯಾಗಿ ಹೊರತಂದರು. ಅದರಲ್ಲಿ ಇನ್ನೂರ ನಲವತ್ತರಷ್ಟು ಚಿತ್ರಫಲಕಗಳಿವೆ. ನದಿ, ಬೆಟ್ಟ, ಮೋಡಗಳ ಹಿನ್ನೆಲೆಯಲ್ಲಿ ಮರ ನಿಂತಿರುವುದರಿಂದ ಗೋಡೆಗೆ ಹೇಳಿ ಮಾಡಿಸಿದಂತಿದೆ. ನಮ್ಮ ಅಡಿಕೆ, ಬೈನೆಯ ಚಿತ್ರಗಳಿಗಿಂತ ಅಮೆಜಾನಿನ ಮರಗಳು ಬೆಂಗಳೂರಿನ ಗೋಡೆಗಳಲ್ಲಿ ಮೊದಲು ಸ್ಥಾನ ಪಡೆದದ್ದಕ್ಕೆ ಈ ಹಿನ್ನೆಲೆಯೇ ಕಾರಣವಿರಬಹುದು.

ಇವುಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. 2006ರಲ್ಲಿ ಆರಂಭವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಂಥ ಅಂತರ್ಜಾಲ ಗ್ರಂಥಾಲಯಗಳಲ್ಲಿ ಹಳೆಯ ಸಸ್ಯಗ್ರಂಥಗಳ ಹಾಳೆಗಳು ಉಚಿತವಾಗಿ ಸಿಗುತ್ತವೆ. ನೋಡಿ ಬರೆಯುವುದು, ಬರೆದು ಮಾರುವುದು ಅಪರಾಧವಲ್ಲ. ಚಹಾ ನೀರಿನಲ್ಲಿ ಅದ್ದಿ ಕಂದು ಬರಿಸಿ, ಅಂಚು ಸುಟ್ಟು, ‘ಹಳೆಯ ಮೂಲ’ವೆಂದು ಮಾರುವುದು ಮಾತ್ರ ವಂಚನೆ.

‘ಕೈಬರಹದ ಚಿತ್ರ’ ಎಂಬ ಚೀಟಿಯನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ. ಒಂದು ಭೂತಗನ್ನಡಿ ಸಾಕು. ಅಚ್ಚಿನ ಯಂತ್ರದಿಂದ ಬಂದದ್ದಾದರೆ ಹಸಿರಿನ ಒಳಗೆ ನೀಲಿ, ಹಳದಿ ಚುಕ್ಕಿಗಳ ಜಾಲ ಅಥವಾ ಶಾಯಿಯ ಸಣ್ಣ ಸಿಂಚನ ಕಾಣುತ್ತದೆ. ಕುಂಚದ್ದಾದರೆ ಬಣ್ಣದ ಕೊಳ ಅಂಚಿನಲ್ಲಿ ಗಟ್ಟಿಯಾಗಿ ಒಣಗಿರುತ್ತದೆ, ಅಲ್ಲಲ್ಲಿ ಸೀಸದಕಡ್ಡಿಯ ಗೆರೆ ಇಣುಕುತ್ತದೆ. ತಾಮ್ರಫಲಕದ ಹಳೆಯ ಅಚ್ಚಿಗೆ ಸುತ್ತಲೂ ಫಲಕ ಒತ್ತಿದ ತಗ್ಗು ಗುರುತು ಇರುತ್ತದೆ. ಕಪ್ಪು ರೇಖೆಯನ್ನು ಯಂತ್ರದಿಂದ ಅಚ್ಚು ಮಾಡಿ ಬಣ್ಣ ಮಾತ್ರ ಕೈಯಿಂದ ತುಂಬಿದ ಮಧ್ಯಮ ಬಗೆಯದೂ ಇದೆ. ಅದು ತಪ್ಪೇನಲ್ಲ, ಆದರೆ ಪೂರ್ತಿ ಕೈಬರಹದ ಬೆಲೆ ಕೇಳಬಾರದು.

ಅಸಲಿ ಹಳೆಯ ಹಾಳೆಯೇ ಬೇಕೆಂದು ಹಟ ಹಿಡಿಯುವವರಿಗೂ ಒಂದು ಮಾತು. ಮಾರುಕಟ್ಟೆಯಲ್ಲಿ ಬಿಡಿಯಾಗಿ ಸಿಗುವ ಹಳೆಯ ಫಲಕಗಳು ಎಷ್ಟೋ ಸಲ ಪೂರ್ಣ ಸಂಪುಟಗಳ ಹೊಲಿಗೆ ಬಿಚ್ಚಿ ಒಂದೊಂದಾಗಿ ಮಾರಿದವು. ಶ್ರೀತಾಳೆಯ ಹನ್ನೆರಡು ಹಾಳೆಗಳು ಹನ್ನೆರಡು ಮನೆ ಸೇರಿದರೆ ಮರವೂ ಚೂರಾಯಿತು, ಪುಸ್ತಕವೂ ಚೂರಾಯಿತು. ಒಳ್ಳೆಯ ನಕಲು ಯಾವ ಪುಸ್ತಕವನ್ನೂ ಹರಿಯುವುದಿಲ್ಲ.

ಹೆಸರಿಲ್ಲದ ಕೈಗಳು

ರಾಕ್ಸ್‌ಬರ್ಗ್ ಸಂಗ್ರಹದ ಸಾವಿರಾರು ಹಾಳೆಗಳಲ್ಲಿ ಬಹುಪಾಲಿನ ಮೇಲೆ ಬರೆದವರ ಹೆಸರಿಲ್ಲ. ಮೈಸೂರು ಸಂಸ್ಥಾನದ ಕಮಿಷನರ್ ಆಡಳಿತದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ 1840ರ ದಶಕದ ನಡುವಿನಲ್ಲಿ ಶಿವಮೊಗ್ಗದಲ್ಲಿದ್ದಾಗ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ನೇಮ ಹಿಡಿದು, ಸ್ಥಳೀಯ ಚಿತ್ರಕಾರರೊಬ್ಬರಿಂದ ಅವುಗಳ ಚಿತ್ರ ಬರೆಸಿದರು. ಮುಂದೆ ಮದ್ರಾಸಿನ ಕಲಾಶಾಲೆಯ ವಿದ್ಯಾರ್ಥಿಗಳಿಂದ ಯುರೋಪಿನ ಅಚ್ಚಿನ ಪುಸ್ತಕಗಳ ಸಸ್ಯಚಿತ್ರಗಳನ್ನು ಕೈಯಿಂದ ನಕಲು ಮಾಡಿಸಿದರು. ಈ ಸಂಗ್ರಹ ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ಸಂಗ್ರಹಕ್ಕೆ ಇರುವುದು ಕ್ಲೆಗ್‌ಹಾರ್ನ್ ಅವರ ಹೆಸರು.

ಲಾಲ್‌ಬಾಗಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತರ ಆರಂಭದ ದಶಕಗಳವರೆಗೆ ಗಿಡ, ಹೂ, ಹಣ್ಣುಗಳ ನೂರಾರು ಚಿತ್ರಗಳನ್ನು ಬರೆದ ಚೆಲುವಯ್ಯ ರಾಜು ಅವರ ಹೆಸರು ಉಳಿದುಬಂದಿರುವುದು ನಮ್ಮ ಪುಣ್ಯ. ಆ ಉದ್ಯಾನದಲ್ಲಿ ದಿನವೂ ಅಡ್ಡಾಡುವವರಲ್ಲಿ ಎಷ್ಟು ಮಂದಿಗೆ ಅದು ಗೊತ್ತೋ!

ರಾಬರ್ಟ್ ವೈಟ್ ಮಾತ್ರ ತಮ್ಮ ಚಿತ್ರಕಾರರಾದ ರಂಗಯ್ಯ ಮತ್ತು ಗೋವಿಂದು ಅವರ ಹೆಸರನ್ನು ಫಲಕಗಳ ಮೇಲೆ ಅಚ್ಚು ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ ಸೀತಾಳೆ ಗಿಡಗಳ ಒಂದು ಕುಲಕ್ಕೆ 1853ರಲ್ಲಿ ‘ಗೋವಿಂದೂಯ’ ಎಂದೇ ಹೆಸರಿಟ್ಟರು. ಆ ಕುಲವನ್ನು ನಂತರದ ಸಸ್ಯವಿಜ್ಞಾನಿಗಳು ಅದಕ್ಕಿಂತ ಹಳೆಯದಾದ ‘ಟ್ರೊಪಿಡಿಯ’ದಲ್ಲಿ ವಿಲೀನಗೊಳಿಸಿದರು. ಗೋವಿಂದು ಅವರ ಹೆಸರು ಈಗ ಸಸ್ಯಕೋಶಗಳಲ್ಲಿ ರದ್ದಾದ ಹೆಸರುಗಳ ಸಾಲಿನಲ್ಲಿದೆ.